ಎಕ್ಸ್‌ಎಂರಿಗ್ ಕೈಕೊಟ್ಟಾಗ: ಮನೆ ಕಂಪ್ಯೂಟರ್ ಮೈನಿಂಗ್‌ನಲ್ಲಿ ದೋಷ ಹುಡುಕುವ ಬಗೆ

ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ ಕ್ರಿಪ್ಟೊ ನಾಣ್ಯ ಸಂಪಾದಿಸುವುದೇ ಮೈನಿಂಗ್. ಆ ಸಾಫ್ಟ್‌ವೇರ್ ಕೈಕೊಟ್ಟರೆ ಹೆಚ್ಚಿನವರು ಮೊದಲು ಸೆಟ್ಟಿಂಗ್‌ಗೆ ಕೈ ಹಾಕುತ್ತಾರೆ. ಥ್ರೆಡ್ (ಪ್ರೊಸೆಸರ್ ಒಟ್ಟಿಗೆ ಓಡಿಸುವ ಕೆಲಸಗಳು) ಜಾಸ್ತಿ ಮಾಡುತ್ತಾರೆ, ಪೂಲ್ (ಹಲವರನ್ನು ಸೇರಿಸಿ ಮೈನಿಂಗ್ ಮಾಡಿಸುವ ಸರ್ವರ್) ಬದಲಿಸುತ್ತಾರೆ, ಇನ್ಯಾವುದೋ ಮೈನರ್ (ಮೈನಿಂಗ್ ಪ್ರೋಗ್ರಾಂ) ಇಳಿಸಿಕೊಳ್ಳುತ್ತಾರೆ. ಅರ್ಧ ಗಂಟೆಯಲ್ಲಿ ಮೊದಲಿದ್ದ ತೊಂದರೆ ಯಾವುದು, ತಾವೇ ತಂದುಕೊಂಡದ್ದು ಯಾವುದು ಅಂತ ಗೊತ್ತಾಗದ ಸ್ಥಿತಿ. ಮೈನರ್ ತೆರೆಯುವ ಕಪ್ಪು ಕಿಟಕಿಯಲ್ಲಿ ಸರಸರ ಓಡುವ ಸಾಲುಗಳಲ್ಲೇ, ಅಂದರೆ ಲಾಗ್‌ನಲ್ಲೇ, ಉತ್ತರ ಇರುತ್ತದೆ. ಅದನ್ನು ಮೇಲಿಂದ ಕೆಳಕ್ಕೆ ಓದಬೇಕು, ಅಷ್ಟೇ.

ಮೈನರ್ ಕೆಲಸ ಮಾಡುವುದಕ್ಕೆ ಒಂದು ಕ್ರಮ ಇದೆ. ಪ್ರೋಗ್ರಾಂ ತೆರೆಯಬೇಕು, ಸೆಟ್ಟಿಂಗ್ ಬರೆದಿರುವ ಕಾನ್ಫಿಗ್ ಫೈಲ್ ಓದಬೇಕು, ಪೂಲ್‌ಗೆ ಸಂಪರ್ಕ ಆಗಬೇಕು, ಕೆಲಸ ಬರಬೇಕು, ಹ್ಯಾಶ್ (ಮೈನಿಂಗ್‌ನ ಲೆಕ್ಕ) ಶುರುವಾಗಬೇಕು, ಶೇರ್ (ಲೆಕ್ಕ ಮಾಡಿದ್ದಕ್ಕೆ ಪೂಲ್‌ಗೆ ಕಳಿಸುವ ಪುರಾವೆ) ಒಪ್ಪಿಗೆ ಆಗಬೇಕು, ಕೊನೆಗೆ ನಾಣ್ಯ ಇಡುವ ವಾಲೆಟ್‌ಗೆ ನಾಣ್ಯ ಬರಬೇಕು. ನಿಮ್ಮದು ಇದರಲ್ಲಿ ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಕಂಡುಕೊಳ್ಳಿ. ಅದಕ್ಕಿಂತ ಮುಂದಿನದರ ಬಗ್ಗೆ ಈಗ ತಲೆ ಕೆಡಿಸಿಕೊಳ್ಳಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಓಡಿಸಿ ನೋಡಿ.

ಇಲ್ಲಿ ನಾನು ಹಿಡಿದುಕೊಂಡಿರುವುದು ಎಕ್ಸ್‌ಎಂರಿಗ್ ಅನ್ನುವ ಮೈನರ್ ಮತ್ತು ಮೊನೆರೊ ಅನ್ನುವ ನಾಣ್ಯ. ಕಾರಣ ಸರಳ. ಬಿಟ್‌ಕಾಯಿನ್‌ನ ಎಸ್‌ಎಚ್‌ಎ-256 ಲೆಕ್ಕಕ್ಕೆ ಅಂತಲೇ ಮಾಡಿದ ಏಸಿಕ್ ಯಂತ್ರಗಳ ಮುಂದೆ ಮನೆ ಕಂಪ್ಯೂಟರ್ ಲೆಕ್ಕಕ್ಕೇ ಇಲ್ಲ. ಇಥೀರಿಯಂ 2022ರ ಸೆಪ್ಟೆಂಬರ್ 15ಕ್ಕೆ ಮೈನಿಂಗನ್ನೇ ಕೈಬಿಟ್ಟಿತು. ಹಾಗಾಗಿ ಹಳೆಯ ವಿಡಿಯೊ ನೋಡಿಕೊಂಡು ಇಥೀರಿಯಂ ಪೂಲ್‌ಗೆ ಸಂಪರ್ಕ ಆಗುತ್ತಿಲ್ಲ ಅಂತ ಒದ್ದಾಡುತ್ತಿದ್ದರೆ ದೋಷ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ. ಮೊನೆರೊ 2019ರ ನವೆಂಬರ್ 30ರಿಂದ ರ‍್ಯಾಂಡಮ್‌ಎಕ್ಸ್ ಅನ್ನುವ ಲೆಕ್ಕ ಬಳಸುತ್ತಿದೆ. ಅದನ್ನು ಸಾಮಾನ್ಯ ಪ್ರೊಸೆಸರ್‌ಗೆ ಅನುಕೂಲ ಆಗುವ ಹಾಗೇ ರೂಪಿಸಿದ್ದಾರೆ. ಲಾಭ ಆಗುತ್ತದಾ ಅನ್ನುವುದು ಬೇರೆ ಪ್ರಶ್ನೆ. ಕರೆಂಟ್ ಬಿಲ್ ಕೂಡಿಸಿ ನೋಡಿದರೆ ತುಂಬಾ ಜನರಿಗೆ ಆಗುವುದಿಲ್ಲ. ಇದೆಲ್ಲ ನಿಮ್ಮದೇ ಕಂಪ್ಯೂಟರಿನಲ್ಲಿ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಆಫೀಸಿನದೋ ಕಾಲೇಜಿನದೋ ಆದರೆ ಇಲ್ಲಿಗೇ ನಿಲ್ಲಿಸಿ.

ಫೈಲೇ ಮಾಯ

ಜಿಪ್ ಬಿಚ್ಚಿದಿರಿ, ಫೋಲ್ಡರ್ ತೆರೆದಿರಿ, ಒಳಗೆ ಎಲ್ಲ ಇದೆ, ಎಕ್ಸ್‌ಎಂರಿಗ್ ಮಾತ್ರ ಇಲ್ಲ. ಇದು ಆಂಟಿವೈರಸ್ ಕೆಲಸ. ಬೇರೆಯವರ ಕಂಪ್ಯೂಟರಿಗೆ ಕದ್ದು ನುಗ್ಗಿ ಮೈನಿಂಗ್ ಮಾಡುವ ಕಳ್ಳರು ಬಳಸುವುದೂ ಇದೇ ಪ್ರೋಗ್ರಾಂ. ಅದಕ್ಕೇ ಅದು ಕಣ್ಣಿಗೆ ಬಿದ್ದ ತಕ್ಷಣ ವಿಂಡೋಸ್ ಡಿಫೆಂಡರ್ ಎತ್ತಿ ಕ್ವಾರಂಟೈನ್‌ಗೆ ಹಾಕುತ್ತದೆ. ಪ್ರೊಟೆಕ್ಷನ್ ಹಿಸ್ಟರಿ ತೆರೆದರೆ ಹೆಸರು ಸಮೇತ ಕಾಣಿಸುತ್ತದೆ.

ಇಲ್ಲಿ ಆತುರ ಬೇಡ. ಮೊದಲು ನಿಮ್ಮ ಕೈಲಿರುವುದು ಅಸಲಿ ಫೈಲ್ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತು ಲಿಂಕ್‌ನಿಂದಲೋ ವಿಡಿಯೊ ಕೆಳಗಿನ ಲಿಂಕ್‌ನಿಂದಲೋ ಇಳಿಸಿದ್ದರೆ ಅಳಿಸಿಬಿಡಿ. ಯೋಜನೆಯ ಗಿಟ್‌ಹಬ್ ರಿಲೀಸ್ ಪುಟದಿಂದಲೇ ತೆಗೆದುಕೊಳ್ಳಿ. ಫೈಲ್‌ಗಳ ಜೊತೆಯಲ್ಲೇ ಎಸ್‌ಎಚ್‌ಎ-256 ಮೊತ್ತಗಳ (ಫೈಲ್ ಬದಲಾಗಿಲ್ಲ ಅಂತ ಗುರುತಿಸುವ ಅಕ್ಷರಗಳ ಸಾಲು) ಪಟ್ಟಿಯನ್ನೂ ಅಲ್ಲಿ ಹಾಕಿರುತ್ತಾರೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಅನ್ನುವ ಕಮಾಂಡ್‌ನಿಂದ ನಿಮ್ಮ ಫೈಲ್‌ನ ಮೊತ್ತ ತೆಗೆದು ತಾಳೆ ನೋಡಿ. ಒಂದಕ್ಷರ ವ್ಯತ್ಯಾಸ ಇದ್ದರೂ ಓಡಿಸಬೇಡಿ.

ತಾಳೆ ಆಯಿತು ಅಂದರೆ ಆ ಒಂದು ಫೋಲ್ಡರ್‌ಗೆ ಮಾತ್ರ ಡಿಫೆಂಡರ್‌ನಲ್ಲಿ ಎಕ್ಸ್‌ಕ್ಲೂಷನ್ (ತಪಾಸಣೆಯಿಂದ ವಿನಾಯಿತಿ) ಕೊಡಿ. ಪೂರ್ತಿ ಡಿಫೆಂಡರ್ ಆಫ್ ಮಾಡಿ ಅಂತ ಸಲಹೆ ಕೊಡುವವರ ಮಾತು ಕೇಳಬೇಡಿ. ವಾಲೆಟ್ ಇಟ್ಟುಕೊಂಡಿರುವ ಕಂಪ್ಯೂಟರಿನಲ್ಲಿ ಅದಕ್ಕಿಂತ ಅವಿವೇಕ ಇನ್ನೊಂದಿಲ್ಲ.

ಕಿಟಕಿ ತೆರೆದ ಕೂಡಲೇ ಮುಚ್ಚಿಕೊಳ್ಳುತ್ತದೆ

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿ ಮಿಂಚಿ ಮಾಯವಾಗುತ್ತದೆ. ಏನು ಬರೆದಿತ್ತು ಅಂತ ಓದಲೂ ಆಗುವುದಿಲ್ಲ. ಹಾಗೆ ತೆರೆಯುವ ಬದಲು ಮೊದಲು ಕಮಾಂಡ್ ಪ್ರಾಂಪ್ಟ್ ತೆರೆದು, ಆ ಫೋಲ್ಡರ್‌ಗೆ ಹೋಗಿ, ಅಲ್ಲಿಂದ ಓಡಿಸಿ. ಆಗ ಮೈನರ್ ಸತ್ತರೂ ಕಿಟಕಿ ಉಳಿಯುತ್ತದೆ, ಕೊನೆಯ ಸಾಲು ಕಣ್ಣ ಮುಂದೆ ಇರುತ್ತದೆ.

ಆ ಸಾಲು ಹೆಚ್ಚಾಗಿ ಕಾನ್ಫಿಗ್ ಫೈಲ್ ಬಗ್ಗೆಯೇ ಇರುತ್ತದೆ. ಫೈಲ್ ಸಿಗಲಿಲ್ಲ ಅಂದರೆ ಹೆಸರು ನೋಡಿ. ನೋಟ್‌ಪ್ಯಾಡ್‌ನಲ್ಲಿ ಹೊಸದಾಗಿ ಉಳಿಸಿದರೆ ಅದು 'ಕಾನ್ಫಿಗ್ ಡಾಟ್ ಜೇಸನ್ ಡಾಟ್ ಟೆಕ್ಸ್ಟ್' ಆಗಿ ಕೂತಿರಬಹುದು. ವಿಂಡೋಸ್ ಆ ಬಾಲವನ್ನು ಮರೆಮಾಡುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ ಕಾಣುವ ಹಾಗೆ ಮಾಡಿದರೆ ಗುಟ್ಟು ಬಯಲು. ಫೈಲ್ ಸಿಕ್ಕಿ ಓದಲು ಆಗಲಿಲ್ಲ ಅಂದರೆ ಎಲ್ಲೋ ಉದ್ಧರಣ ಚಿಹ್ನೆ ಅಥವಾ ಅಲ್ಪವಿರಾಮ ತಪ್ಪಿದೆ. ಚಾಟ್‌ನಿಂದಲೋ ವರ್ಡ್‌ನಿಂದಲೋ ನಕಲು ಮಾಡಿದ ಸಾಲುಗಳಲ್ಲಿ ಬಾಗಿದ ಉದ್ಧರಣ ಚಿಹ್ನೆ ಇರುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಪ್ರೋಗ್ರಾಂಗೆ ಅಲ್ಲ. ಅಳಿಸಿ ಕೀಬೋರ್ಡ್‌ನಿಂದಲೇ ಮತ್ತೆ ಒತ್ತಿ. ಎಕ್ಸ್‌ಎಂರಿಗ್‌ನಲ್ಲಿ ಡ್ರೈ-ರನ್ ಅನ್ನುವ ಆಯ್ಕೆ ಇದೆ. ಮೈನಿಂಗ್ ಶುರು ಮಾಡದೆ ಕಾನ್ಫಿಗ್ ಸರಿ ಇದೆಯಾ ಅಂತ ಮಾತ್ರ ನೋಡಿ ಹೊರಬರುತ್ತದೆ. ಇದನ್ನು ಬಳಸುವವರು ಕಡಿಮೆ, ಆದರೆ ಸಮಯ ಉಳಿಸುತ್ತದೆ.

ಇನ್ನೊಂದು ವಿಷಯ ಇದೇ ಫೈಲ್‌ಗೆ ಸೇರಿದ್ದು. ಮೈನರ್ ಒಮ್ಮೆ ಓಡಿದ ಮೇಲೆ ನಿಮ್ಮ ಪ್ರೊಸೆಸರ್‌ಗೆ ತಕ್ಕ ಥ್ರೆಡ್ ಪಟ್ಟಿಯನ್ನು ತಾನೇ ಕಾನ್ಫಿಗ್‌ನಲ್ಲಿ ಬರೆದಿಡುತ್ತದೆ. ನೀವು ಆ ಫೋಲ್ಡರನ್ನು ಹಾಗೇ ಇನ್ನೊಂದು ಕಂಪ್ಯೂಟರಿಗೆ ನಕಲು ಮಾಡಿದರೆ ಹಳೆಯ ಪಟ್ಟಿಯೂ ಜೊತೆಗೇ ಬರುತ್ತದೆ. ಹೊಸ ಯಂತ್ರ ಎಷ್ಟೇ ಗಟ್ಟಿ ಇದ್ದರೂ ಹಳೆಯದರ ಲೆಕ್ಕದಲ್ಲೇ ಓಡುತ್ತದೆ. ಕಾನ್ಫಿಗ್ ಹೊಸದಾಗಿ ಬರೆಯಿರಿ.

ಪೂಲ್ ಸಿಗುತ್ತಿಲ್ಲ

ಇಲ್ಲಿ ದೋಷದ ಮಾತುಗಳನ್ನು ಅಕ್ಷರಶಃ ಓದಬೇಕು, ಏಕೆಂದರೆ ಒಂದೊಂದಕ್ಕೂ ಒಂದೊಂದು ಕಾರಣ.

ಡಿಎನ್‌ಎಸ್ (ಹೆಸರಿನಿಂದ ಸರ್ವರ್ ಹುಡುಕುವ ವ್ಯವಸ್ಥೆ) ಎರರ್ ಅಂತ ಬಂದರೆ ಪೂಲ್‌ನ ಹೆಸರೇ ಸಿಗಲಿಲ್ಲ ಅಂತ ಅರ್ಥ. ಅಕ್ಷರ ತಪ್ಪಿದೆ, ಅಥವಾ ಪೂಲ್ ಮುಚ್ಚಿಹೋಗಿದೆ, ಅಥವಾ ನಿಮ್ಮ ಇಂಟರ್ನೆಟ್ ಕಂಪನಿಯ ಡಿಎನ್‌ಎಸ್ ಅದನ್ನು ತಡೆಯುತ್ತಿದೆ. ಕನೆಕ್ಷನ್ ರೆಫ್ಯೂಸ್ಡ್ ಅಂತ ಬಂದರೆ ಸರ್ವರ್ ಸಿಕ್ಕಿದೆ, ಹೆಚ್ಚಾಗಿ ಪೋರ್ಟ್ (ಸರ್ವರಿನ ಒಳಗೆ ಹೋಗುವ ಬಾಗಿಲು) ಸಂಖ್ಯೆ ತಪ್ಪಿರುತ್ತದೆ. ಸುಮಾರು ಹೊತ್ತು ಕಾಯಿಸಿ ಟೈಮ್ಡ್ ಔಟ್ ಅಂತ ಬಂದರೆ ಹೆಚ್ಚಾಗಿ ನಡುವೆ ಯಾವುದೋ ಫೈರ್‌ವಾಲ್ ಇರುತ್ತದೆ. ಸಂಪರ್ಕ ಆದ ಕ್ಷಣದಲ್ಲೇ ಎಂಡ್ ಆಫ್ ಫೈಲ್ ಅಂತ ಕತ್ತರಿಸಿದರೆ ನನ್ನ ಮೊದಲ ಅನುಮಾನ ಟಿಎಲ್‌ಎಸ್ (ಸಂಪರ್ಕವನ್ನು ಗೂಢಲಿಪಿಯಲ್ಲಿ ಇಡುವ ವಿಧಾನ) ಮೇಲೆ. ಟಿಎಲ್‌ಎಸ್ ಪೋರ್ಟ್‌ಗೆ ಟಿಎಲ್‌ಎಸ್ ಇಲ್ಲದೆ ಹೋಗಿದ್ದೀರಿ, ಇಲ್ಲವೇ ಅದರ ಉಲ್ಟಾ. ಪೂಲ್‌ನ ಸಹಾಯ ಪುಟದಲ್ಲಿ ಯಾವ ಪೋರ್ಟ್ ಯಾವುದಕ್ಕೆ ಅಂತ ಬರೆದಿರುತ್ತಾರೆ. ಫಿಂಗರ್‌ಪ್ರಿಂಟ್ ಹೊಂದುತ್ತಿಲ್ಲ ಅಂದರೆ ಎಲ್ಲಿಂದಲೋ ನಕಲು ಮಾಡಿದ ಕಾನ್ಫಿಗ್‌ನಲ್ಲಿ ಹಳೆಯ ಸರ್ಟಿಫಿಕೇಟ್‌ನ ಗುರುತು ಉಳಿದುಕೊಂಡಿದೆ. ಆ ಜಾಗ ಖಾಲಿ ಬಿಡಿ, ಅಥವಾ ಪೂಲ್ ಈಗ ಕೊಟ್ಟಿರುವುದನ್ನು ಹಾಕಿ.

ತಪ್ಪು ನಿಮ್ಮ ಕಂಪ್ಯೂಟರಿನದೋ ನೆಟ್‌ವರ್ಕಿನದೋ ಅಂತ ಬೇರೆ ಮಾಡಲು ಸುಲಭದ ದಾರಿ ಮೊಬೈಲ್ ಹಾಟ್‌ಸ್ಪಾಟ್. ಅದರಲ್ಲಿ ಓಡಿ, ಮನೆ ವೈಫೈನಲ್ಲಿ ಓಡದಿದ್ದರೆ ರೌಟರ್ ಅಥವಾ ಇಂಟರ್ನೆಟ್ ಕಂಪನಿಯ ತಡೆ. ಮೈನಿಂಗ್‌ಗೆ ಹೆಸರಾದ 3333ರಂಥ ಪೋರ್ಟ್‌ಗಳನ್ನು ಕೆಲವು ನೆಟ್‌ವರ್ಕ್‌ಗಳು ಮುಚ್ಚಿರುತ್ತವೆ. ಹಲವು ಪೂಲ್‌ಗಳು ಟಿಎಲ್‌ಎಸ್ ಜೊತೆ 443 ಪೋರ್ಟ್ ಕೂಡ ಕೊಡುತ್ತವೆ. ಮನೆಯ ಸಂಪರ್ಕದಲ್ಲಿ ಅದನ್ನು ಹಾಕಿ ನೋಡಬಹುದು.

ಸಂಪರ್ಕ ಆಗಿ ಲಾಗಿನ್ ಹಂತದಲ್ಲಿ ತಿರಸ್ಕಾರ ಆದರೆ ವಾಲೆಟ್ ವಿಳಾಸ ನೋಡಿ. ಮೊನೆರೊ ವಿಳಾಸಕ್ಕೆ 95 ಅಕ್ಷರ. ಮುಖ್ಯ ವಿಳಾಸ 4ರಿಂದ ಶುರು, ಉಪವಿಳಾಸ 8ರಿಂದ. ಕೆಲವು ಎಕ್ಸ್‌ಚೇಂಜ್‌ಗಳು ಕೊಡುವ ಇಂಟಿಗ್ರೇಟೆಡ್ ವಿಳಾಸಕ್ಕೆ 106. ಉಪವಿಳಾಸವನ್ನೋ ಇಂಟಿಗ್ರೇಟೆಡ್ ವಿಳಾಸವನ್ನೋ ಒಪ್ಪದ ಪೂಲ್‌ಗಳಿವೆ. 4ರ ವಿಳಾಸ ಹಾಕಿದರೆ ಗೊಂದಲವೇ ಇಲ್ಲ. ನಕಲು ಮಾಡುವಾಗ ಕೊನೆಯಲ್ಲಿ ಒಂದು ಸ್ಪೇಸ್ ಅಂಟಿಕೊಂಡಿರುವುದೂ ಮಾಮೂಲಿ. ಇದಕ್ಕಿಂತ ಕೆಟ್ಟದ್ದು ಕ್ಲಿಪ್‌ಬೋರ್ಡ್ ಬದಲಾಯಿಸುವ ವೈರಸ್. ನೀವು ನಿಮ್ಮ ವಿಳಾಸ ನಕಲು ಮಾಡುತ್ತೀರಿ, ಅಂಟಿಸಿದಾಗ ಬೇರೆಯವರದು ಬೀಳುತ್ತದೆ. ಆಗ ದೋಷವೇ ಕಾಣಿಸುವುದಿಲ್ಲ, ಪೂಲ್ ಖುಷಿಯಾಗಿ ಒಪ್ಪಿಕೊಳ್ಳುತ್ತದೆ. ಅಂಟಿಸಿದ ಮೇಲೆ ಮೊದಲ ಎಂಟು, ಕೊನೆಯ ಎಂಟು ಅಕ್ಷರ ಕಣ್ಣಾರೆ ನೋಡಿ.

ಓಡುತ್ತಿದೆ, ಆದರೆ ನಿಧಾನ

ಹೆಚ್ಚಿನ ದೂರು ಇದೇ. ನಿಮ್ಮದೇ ಪ್ರೊಸೆಸರ್‌ನಲ್ಲಿ ಬೇರೆಯವರಿಗೆ ಬರುವ ಹ್ಯಾಶ್‌ರೇಟ್‌ನ (ಸೆಕೆಂಡಿಗೆ ಎಷ್ಟು ಹ್ಯಾಶ್ ಅನ್ನುವ ವೇಗ) ಅರ್ಧವೂ ನಿಮಗೆ ಬರುವುದಿಲ್ಲ. ಲಾಗ್‌ನ ತಲೆಭಾಗಕ್ಕೆ ಹೋಗಿ. ಅಲ್ಲಿ ಹ್ಯೂಜ್ ಪೇಜಸ್ ಅನ್ನುವ ಸಾಲು ಇರುತ್ತದೆ. ಅದರ ಮುಂದೆ ಪರ್ಮಿಷನ್ ಗ್ರಾಂಟೆಡ್ ಅಂತ ಇರಬೇಕು. ಸ್ವಲ್ಪ ಕೆಳಗೆ, ರ‍್ಯಾಂಡಮ್‌ಎಕ್ಸ್ ತನ್ನ ದತ್ತಾಂಶ ಕಟ್ಟಿಕೊಳ್ಳುವ ಕಡೆ, 1168/1168 ಮತ್ತು 100% ಅಂತ ಕಾಣಿಸಬೇಕು.

ಈ 1168 ಎಲ್ಲಿಂದ ಬಂತು? ರ‍್ಯಾಂಡಮ್‌ಎಕ್ಸ್‌ಗೆ 2080 ಎಂಬಿ ಡೇಟಾಸೆಟ್, ಜೊತೆಗೆ 256 ಎಂಬಿ ಕ್ಯಾಶ್ ಬೇಕು. ಒಟ್ಟು 2336 ಎಂಬಿ. ಸಾಮಾನ್ಯವಾಗಿ ವಿಂಡೋಸ್ ಮೆಮೊರಿಯನ್ನು 4 ಕೆಬಿ ಚೂರುಗಳಾಗಿ ಕೊಡುತ್ತದೆ. ಮೈನರ್‌ಗೆ 2 ಎಂಬಿಯ ದೊಡ್ಡ ತುಂಡುಗಳು ಬೇಕು. 2336ನ್ನು 2ರಿಂದ ಭಾಗಿಸಿದರೆ 1168. ಚಿಕ್ಕ ಚೂರುಗಳಾದರೆ ಯಾವುದು ಎಲ್ಲಿದೆ ಅಂತ ಹುಡುಕುವುದರಲ್ಲೇ ಪ್ರೊಸೆಸರ್ ಸಮಯ ಕಳೆಯುತ್ತದೆ. ಈ ಒಂದು ಸಾಲು 0% ಅಂತ ತೋರಿಸುತ್ತಿದ್ದರೆ ಬೇರೆ ಯಾವ ಸೆಟ್ಟಿಂಗೂ ಮುಟ್ಟಬೇಡಿ, ಇದನ್ನೇ ಸರಿಮಾಡಿ.

ವಿಂಡೋಸ್‌ನಲ್ಲಿ ಮೈನರನ್ನು ಒಮ್ಮೆ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಬೇಕಾದ ಅನುಮತಿಯನ್ನು ಅದೇ ತೆಗೆದುಕೊಳ್ಳುತ್ತದೆ. ಆದರೆ ಕಂಪ್ಯೂಟರ್ ರೀಸ್ಟಾರ್ಟ್ ಆಗುವವರೆಗೂ ಅದು ಜಾರಿಗೆ ಬರುವುದಿಲ್ಲ. ಇಲ್ಲೇ ಜನ ಎಡವುವುದು. ಅಡ್ಮಿನ್ ಆಗಿ ಓಡಿಸಿದೆ, ಆದರೂ ಇಲ್ಲ ಅನ್ನುವವರಿಗೆ ನನ್ನ ಮೊದಲ ಪ್ರಶ್ನೆ, ರೀಸ್ಟಾರ್ಟ್ ಮಾಡಿದಿರಾ? ಅನುಮತಿ ಸಿಕ್ಕಿಯೂ 100% ಬದಲು 40%, 60% ಬರುತ್ತಿದ್ದರೆ ಕಂಪ್ಯೂಟರ್ ತುಂಬಾ ಹೊತ್ತು ಓಡಿ ಮೆಮೊರಿ ಚೂರುಚೂರಾಗಿದೆ. ಒಟ್ಟು ಜಾಗ ಇದ್ದರೂ 2 ಎಂಬಿಯ ಅಖಂಡ ತುಂಡು ಸಿಗುತ್ತಿಲ್ಲ. ರೀಸ್ಟಾರ್ಟ್ ಮಾಡಿ, ಬ್ರೌಸರ್ ತೆರೆಯುವ ಮೊದಲೇ ಮೈನರ್ ಶುರು ಮಾಡಿ. ಲಿನಕ್ಸ್‌ನಲ್ಲಿ ಕರ್ನಲ್‌ನ ಹ್ಯೂಜ್ ಪೇಜ್ ಸಂಖ್ಯೆಯನ್ನು 1280ಕ್ಕೆ ಇಟ್ಟರೆ ಸಾಮಾನ್ಯ ಮನೆ ಕಂಪ್ಯೂಟರಿಗೆ ಸಾಕು.

ಹ್ಯೂಜ್ ಪೇಜ್ ಸರಿಯಾದ ಮೇಲೆ ಎಂಎಸ್‌ಆರ್ ಸಾಲು ನೋಡಿ. ಪ್ರೊಸೆಸರ್ ಒಳಗಿನ ಕೆಲವು ರಿಜಿಸ್ಟರ್‌ಗಳನ್ನು ಮೈನರ್ ತಿದ್ದುತ್ತದೆ. ಆಗದಿದ್ದರೆ ಹ್ಯಾಶ್‌ರೇಟ್ ಕಡಿಮೆ ಇರುತ್ತದೆ ಅಂತ ದೊಡ್ಡಕ್ಷರದಲ್ಲೇ ಬರೆಯುತ್ತದೆ. ಅದನ್ನು ನೋಡಿ ಗಾಬರಿ ಬೀಳುವವರು ಜಾಸ್ತಿ. ಇದಕ್ಕೆ ಪ್ರತಿ ಸಲ ಅಡ್ಮಿನ್ ಅನುಮತಿ ಬೇಕು, ಜೊತೆಗೆ ವಿನ್‌ರಿಂಗ್0 ಅನ್ನುವ ಡ್ರೈವರ್ ಬೇಕು. ಆ ಡ್ರೈವರ್‌ನಲ್ಲಿ ಭದ್ರತೆಯ ಹುಳುಕು ಇರುವುದು ಗೊತ್ತಿರುವ ವಿಷಯ, ಡಿಫೆಂಡರ್ ಅದನ್ನು ತಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ದಿನಬಳಕೆಯ ಕಂಪ್ಯೂಟರಿನಲ್ಲಿ ಸ್ವಲ್ಪ ವೇಗಕ್ಕಾಗಿ ವಿಂಡೋಸ್‌ನ ರಕ್ಷಣೆ ಕಳಚುವುದು ಬೇಡ. ಆ ಎಚ್ಚರಿಕೆಯ ಸಾಲು ಹಾಗೇ ಇರಲಿ ಬಿಡಿ.

ಥ್ರೆಡ್ ವಿಷಯಕ್ಕೆ ಬರೋಣ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ 50% ಮಾತ್ರ ಕಾಣಿಸುತ್ತದೆ, ಇದು ದೋಷ ಅಂದುಕೊಂಡು ಎಲ್ಲ ಥ್ರೆಡ್‌ಗಳನ್ನೂ ತೆರೆದುಬಿಡುತ್ತಾರೆ. ರ‍್ಯಾಂಡಮ್‌ಎಕ್ಸ್‌ನ ಒಂದೊಂದು ಥ್ರೆಡ್‌ಗೂ 2 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಬೇಕು. ನಿಮ್ಮ ಪ್ರೊಸೆಸರ್‌ಗೆ 4 ಕೋರ್, 8 ಥ್ರೆಡ್ ಇದ್ದು ಎಲ್3 8 ಎಂಬಿ ಇದ್ದರೆ ನಾಲ್ಕೇ ಥ್ರೆಡ್ ಸರಿ. ಎಂಟು ಓಡಿಸಿದರೆ ಒಂದು ಇನ್ನೊಂದನ್ನು ಕ್ಯಾಶ್‌ನಿಂದ ಹೊರಗೆ ತಳ್ಳುತ್ತದೆ. ಬಿಸಿ ಜಾಸ್ತಿ ಆಗುತ್ತದೆ, ಹ್ಯಾಶ್‌ರೇಟ್ ಇದ್ದಲ್ಲೇ ಇರುತ್ತದೆ ಅಥವಾ ಇಳಿಯುತ್ತದೆ. ಎಲ್3 ಎಷ್ಟಿದೆ ಅಂತ ಲಾಗ್‌ನ ಪ್ರೊಸೆಸರ್ ಸಾಲಿನ ಕೆಳಗೇ ಬರೆದಿರುತ್ತದೆ. ಅದೇ ಜಾಗದಲ್ಲಿ ಎಇಎಸ್ (ಗೂಢಲಿಪಿ ಲೆಕ್ಕವನ್ನು ಬೇಗ ಮಾಡುವ ಪ್ರೊಸೆಸರ್ ಸೌಲಭ್ಯ) ಅಂತ ಇದೆಯಾ ಅಂತಲೂ ನೋಡಿಕೊಳ್ಳಿ. ಅದಿಲ್ಲದ ಹಳೆಯ ಪ್ರೊಸೆಸರ್ ನಿಧಾನವಾಗಿಯೇ ಓಡುವುದು, ಅದಕ್ಕೆ ಮದ್ದಿಲ್ಲ. ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಅದೂ ವೇಗ ತಗ್ಗಿಸುತ್ತದೆ. ಎರಡು ಕಡ್ಡಿ ಹಾಕಿ ಡ್ಯುಯಲ್ ಚಾನೆಲ್ ಮಾಡಿದರೆ ವ್ಯತ್ಯಾಸ ಕಾಣುತ್ತದೆ.

ಈಗ ಬಿಸಿಯ ಮಾತು. ವೇಗದ ಸಾಲಿನಲ್ಲಿ ಮೂರು ಅಂಕಿ ಬರುತ್ತವೆ: 10 ಸೆಕೆಂಡಿನದು, 60 ಸೆಕೆಂಡಿನದು, 15 ನಿಮಿಷದ್ದು. ಶುರುವಿನಲ್ಲಿ ಕೊನೆಯ ಅಂಕಿಯ ಜಾಗದಲ್ಲಿ ಎನ್/ಎ ಅಂತ ಇರುತ್ತದೆ, 15 ನಿಮಿಷ ಕಳೆದ ಮೇಲೆ ತುಂಬುತ್ತದೆ. ಮೊದಲೆರಡು ನಿಮಿಷ 3000 ಹ್ಯಾಶ್ ತೋರಿಸಿ, ಆಮೇಲೆ 2100ಕ್ಕೆ ಇಳಿದು ಅಲ್ಲೇ ನಿಂತಿತು ಅನ್ನಿ. ಸಾಫ್ಟ್‌ವೇರ್‌ನಲ್ಲಿ ಹುಡುಕಬೇಡಿ. ಪ್ರೊಸೆಸರ್ ಕಾದು ತನ್ನ ವೇಗವನ್ನು ತಾನೇ ಇಳಿಸಿಕೊಂಡಿದೆ. ಎಚ್‌ಡಬ್ಲ್ಯುಇನ್ಫೊ ಅನ್ನುವ ಪ್ರೋಗ್ರಾಂ ತೆರೆದು ಬಿಸಿ ಮತ್ತು ಕ್ಲಾಕ್ (ಪ್ರೊಸೆಸರ್ ವೇಗ) ಎರಡನ್ನೂ ಒಟ್ಟಿಗೆ ನೋಡಿ, ಒಂದು ಏರಿದಂತೆ ಇನ್ನೊಂದು ಇಳಿಯುವುದು ಕಾಣುತ್ತದೆ. ಡೆಸ್ಕ್‌ಟಾಪ್ ಆದರೆ ಫ್ಯಾನ್ ಧೂಳು ತೆಗೆಯಿರಿ, ಥರ್ಮಲ್ ಪೇಸ್ಟ್ ಬದಲಿಸಿ. ಲ್ಯಾಪ್‌ಟಾಪ್ ಆದರೆ ಒಂದೆರಡು ಥ್ರೆಡ್ ಕಡಿಮೆ ಮಾಡಿ ನೋಡಿ. ನಿಜ ಹೇಳಬೇಕೆಂದರೆ ಲ್ಯಾಪ್‌ಟಾಪ್‌ನಲ್ಲಿ ಹಗಲೂ ರಾತ್ರಿ ಮೈನಿಂಗ್ ಮಾಡಬಾರದು. ಅದರ ಫ್ಯಾನು, ಬ್ಯಾಟರಿ ಆ ಕೆಲಸಕ್ಕೆ ಮಾಡಿದ್ದಲ್ಲ.

ಆಗಾಗ ಪೂರ್ತಿ ನಿಂತೇ ಹೋಗುತ್ತದೆ ಅನ್ನುವವರು ಸ್ಲೀಪ್ ಸೆಟ್ಟಿಂಗ್ ನೋಡಿ. ಕೆಲವು ಮೈನರ್‌ಗಳಲ್ಲಿ ಕಪ್ಪು ಕಿಟಕಿಯೊಳಗೆ ಸುಮ್ನೆ ಮೌಸ್ ಕ್ಲಿಕ್ ಮಾಡಿದರೂ ಸಾಲುಗಳು ನಿಲ್ಲುತ್ತವೆ. ಕಿಟಕಿಯ ತಲೆಯಲ್ಲಿ ಸೆಲೆಕ್ಟ್ ಅಂತ ಬಂದಿದ್ದರೆ ಎಂಟರ್ ಒತ್ತಿ, ಮತ್ತೆ ಓಡುತ್ತದೆ. ಇನ್ನು, ಡೆವ್ ಡೊನೇಟ್ ಶುರುವಾಯಿತು ಅಂತ ಸಾಲು ಕಂಡರೆ ಯಾರೋ ಹ್ಯಾಕ್ ಮಾಡಿದರು ಅಂದುಕೊಳ್ಳಬೇಡಿ. ನೀವು ಸೆಟ್ಟಿಂಗ್ ಮುಟ್ಟದಿದ್ದರೆ ಎಕ್ಸ್‌ಎಂರಿಗ್ 1% ಸಮಯ, ಅಂದರೆ 100 ನಿಮಿಷಕ್ಕೆ ಒಂದು ನಿಮಿಷ, ತನ್ನನ್ನು ಬರೆದವರಿಗಾಗಿ ದುಡಿಯುತ್ತದೆ.

ಶೇರ್ ತಿರಸ್ಕಾರ ಆಗುತ್ತಿದೆ

ಆಕ್ಸೆಪ್ಟೆಡ್ ಮುಂದೆ ಆವರಣದಲ್ಲಿ ಎರಡು ಅಂಕಿ ಇರುತ್ತವೆ. ಮೊದಲನೆಯದು ಒಪ್ಪಿದ್ದು, ಎರಡನೆಯದು ತಿರಸ್ಕರಿಸಿದ್ದು. 128/1 ಇದ್ದರೆ ಚಿಂತೆ ಬೇಡ. 128/30 ಇದ್ದರೆ ಕಾರಣದ ಸಾಲು ಓದಿ.

ತಡವಾಯಿತು, ಬ್ಲಾಕ್ ಮುಗಿಯಿತು ಅನ್ನುವ ಅರ್ಥದ ಮಾತಿದ್ದರೆ ಅದು ನೆಟ್‌ವರ್ಕ್. ಸಾಲಿನ ಕೊನೆಯಲ್ಲಿ ಮಿಲಿಸೆಕೆಂಡ್ ಲೆಕ್ಕ ಇರುತ್ತದೆ. ಅದು ನೂರಾರು ದಾಟಿ ಏರಿಳಿಯುತ್ತಿದ್ದರೆ ಹತ್ತಿರದ ಸರ್ವರ್ ಹಾಕಿ, ವೈಫೈ ಬಿಟ್ಟು ಕೇಬಲ್ ಹಾಕಿ. ಲೋ ಡಿಫಿಕಲ್ಟಿ ಶೇರ್ ಅಂತ ಬಂದರೆ ವಿಷಯ ಬೇರೆ. ನಿಮ್ಮ ಕಂಪ್ಯೂಟರ್ ತಪ್ಪು ಲೆಕ್ಕ ಮಾಡಿ ಕಳಿಸುತ್ತಿದೆ. ಕಾನ್ಫಿಗ್‌ನಲ್ಲಿ ಬೇರೆ ಅಲ್ಗಾರಿದಮ್ ಬರೆದಿಲ್ಲ ಅಂತ ನೋಡಿಕೊಳ್ಳಿ. ಅದು ಸರಿ ಇದ್ದರೆ ನನ್ನ ಅನುಮಾನ ರ‍್ಯಾಮ್ ಮೇಲೆ. ಓವರ್‌ಕ್ಲಾಕ್ ಮಾಡಿದ್ದರೆ, ವೋಲ್ಟೇಜ್ ಇಳಿಸಿದ್ದರೆ, ಬಯಾಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯ ವೇಗ ಏರಿಸುವ ಸೆಟ್ಟಿಂಗ್) ಹಾಕಿದ್ದರೆ ಎಲ್ಲ ತೆಗೆದು ಮಾಮೂಲಿಗೆ ತನ್ನಿ. ಗೇಮ್ ಆಡುವಾಗ ಏನೂ ತೊಂದರೆ ಇಲ್ಲವಲ್ಲ ಅನ್ನಬೇಡಿ. ಗೇಮ್‌ನಲ್ಲಿ ಒಂದು ಬಿಟ್ ತಪ್ಪಿದರೆ ಒಂದು ಚುಕ್ಕಿಯ ಬಣ್ಣ ಬದಲಾಗುತ್ತದೆ, ಇಲ್ಲಿ ಇಡೀ ಹ್ಯಾಶ್ ಹಾಳು.

ಇದನ್ನು ಪೂಲ್ ಇಲ್ಲದೆಯೇ ಪರೀಕ್ಷಿಸಬಹುದು. ಎಕ್ಸ್‌ಎಂರಿಗ್‌ನಲ್ಲಿ ಬೆಂಚ್ ಅನ್ನುವ ಆಯ್ಕೆ ಇದೆ, ಅದಕ್ಕೆ 1ಎಂ ಅಂತ ಕೊಟ್ಟರೆ ಹತ್ತು ಲಕ್ಷ ಹ್ಯಾಶ್ ಮಾಡಿ ಕೊನೆಯಲ್ಲಿ ಒಂದು ಮೊತ್ತ ತೋರಿಸುತ್ತದೆ. ಆ ಮೊತ್ತ ಎಲ್ಲ ಸರಿಯಾದ ಕಂಪ್ಯೂಟರ್‌ಗಳಲ್ಲೂ ಒಂದೇ. ಹಸಿರು ಬಂದರೆ ಲೆಕ್ಕ ಸರಿ, ಕೆಂಪು ಬಂದರೆ ತಪ್ಪು. ಕೆಂಪು ಬಂತಾ? ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಅನ್ನು ಒಂದು ರಾತ್ರಿ ಓಡಿಸಿ, ಕಡ್ಡಿಗಳನ್ನು ಒಂದೊಂದಾಗಿ ತೆಗೆದು ನೋಡಿ. ಇದು ಬಗೆಹರಿಯುವ ತನಕ ಪೂಲ್‌ಗೆ ಹೋಗಬೇಡಿ. ತಪ್ಪು ಶೇರ್ ಕಳಿಸುತ್ತಲೇ ಇದ್ದರೆ ಪೂಲ್ ನಿಮ್ಮ ಐಪಿಯನ್ನು ಸ್ವಲ್ಪ ಹೊತ್ತು ಹೊರಗಿಡುತ್ತದೆ. ಆಮೇಲೆ ಸಂಪರ್ಕದ ದೋಷ ಅಂತ ಬೇರೆಲ್ಲೋ ಹುಡುಕುತ್ತಾ ಕೂರುತ್ತೀರಿ.

ಪೂಲ್ ತೋರಿಸುವ ಲೆಕ್ಕ ಬೇರೆ

ಮೈನರ್ 1000 ಹ್ಯಾಶ್ ಅನ್ನುತ್ತದೆ, ಪೂಲ್ ಪುಟ ಒಮ್ಮೆ 400, ಒಮ್ಮೆ 1700 ಅನ್ನುತ್ತದೆ. ಇದು ದೋಷವೇ ಅಲ್ಲ. ಪೂಲ್‌ಗೆ ನಿಮ್ಮ ಕಂಪ್ಯೂಟರಿನ ವೇಗ ಗೊತ್ತಿಲ್ಲ, ಬಂದ ಶೇರ್‌ಗಳಿಂದ ಅಂದಾಜು ಮಾಡುತ್ತದೆ. ಡಿಫಿಕಲ್ಟಿ, ಅಂದರೆ ಒಂದು ಶೇರ್‌ಗೆ ಸರಾಸರಿ ಬೇಕಾಗುವ ಹ್ಯಾಶ್, 1,20,000 ಇದ್ದು ನಿಮ್ಮ ವೇಗ ಸೆಕೆಂಡಿಗೆ 1000 ಇದ್ದರೆ ಸರಾಸರಿ 120 ಸೆಕೆಂಡಿಗೆ ಒಂದು ಶೇರ್. ಸರಾಸರಿ ಮಾತ್ರ. ಒಮ್ಮೆ ಹತ್ತೇ ಸೆಕೆಂಡಿಗೆ ಸಿಗುತ್ತದೆ, ಒಮ್ಮೆ ಐದಾರು ನಿಮಿಷ ಸುದ್ದಿಯೇ ಇರುವುದಿಲ್ಲ. ಅದಕ್ಕೇ ಒಂದು ದಿನದ ಸರಾಸರಿ ನೋಡಬೇಕು. ಶೇರ್ ತೀರಾ ಅಪರೂಪ ಅನಿಸಿದರೆ ಕಡಿಮೆ ಡಿಫಿಕಲ್ಟಿಯ ಪೋರ್ಟ್‌ಗೆ ಬದಲಾಯಿಸಿ. ಸಂಪಾದನೆ ಅಷ್ಟೇ ಇರುತ್ತದೆ, ಅಂದಾಜು ಸ್ವಲ್ಪ ನಯವಾಗುತ್ತದೆ. ಒಂದು ದಿನದ ಸರಾಸರಿಯೂ ಅರ್ಧಕ್ಕಿಂತ ಕೆಳಗಿದ್ದರೆ ಮಾತ್ರ ಹಿಂದೆ ಹೋಗಿ ತಿರಸ್ಕಾರದ ಅಂಕಿ ನೋಡಿ.

ವಾಲೆಟ್‌ನಲ್ಲಿ ಸೊನ್ನೆ

ಪೂಲ್‌ನಲ್ಲಿ ಬಾಕಿ ಕಾಣುತ್ತದೆ, ವಾಲೆಟ್‌ಗೆ ಬಂದಿಲ್ಲ ಅಂದರೆ ಪೂಲ್‌ನ ಕನಿಷ್ಠ ಪಾವತಿ ಮೊತ್ತ ಇನ್ನೂ ಮುಟ್ಟಿಲ್ಲ. ಕಾಯಬೇಕು. ಪೂಲ್ ಕಳಿಸಿದ್ದೇನೆ ಅನ್ನುತ್ತದೆ, ವಾಲೆಟ್ ಸೊನ್ನೆ ಅನ್ನುತ್ತದೆ ಅಂದರೆ ವಾಲೆಟ್ ಇನ್ನೂ ಬ್ಲಾಕ್‌ಚೈನ್ (ವಹಿವಾಟುಗಳನ್ನು ಬ್ಲಾಕ್‌ಗಳಾಗಿ ಜೋಡಿಸಿದ ದಾಖಲೆ) ಓದಿ ಮುಗಿಸಿಲ್ಲ. ಮೊನೆರೊ ವಾಲೆಟ್ ಪ್ರತಿ ಬ್ಲಾಕನ್ನೂ ತಾನೇ ಓದಿ ನಿಮ್ಮ ಪಾಲು ಹುಡುಕುತ್ತದೆ. ವಾಲೆಟ್ ಕಿಟಕಿಯಲ್ಲಿ ಎಷ್ಟು ಓದಿದೆ ಅಂತ ತೋರಿಸುವ ಪಟ್ಟಿ ತುಂಬುವ ತನಕ ಬಿಡಿ.

ಪಟ್ಟಿ ತುಂಬಿದ ಮೇಲೂ ಸೊನ್ನೆಯಾ? ಸೀಡ್ ಪದಗಳಿಂದ ವಾಲೆಟ್ ಮರಳಿ ತೆರೆದಿದ್ದರೆ ರಿಸ್ಟೋರ್ ಹೈಟ್ (ಯಾವ ಬ್ಲಾಕ್‌ನಿಂದ ಓದಬೇಕು ಅನ್ನುವ ಸಂಖ್ಯೆ) ಎಷ್ಟು ಕೊಟ್ಟಿದ್ದೀರಿ ನೋಡಿ. ಪಾವತಿ ಬಂದ ಬ್ಲಾಕ್‌ಗಿಂತ ಮುಂದಿನ ಸಂಖ್ಯೆ ಕೊಟ್ಟಿದ್ದರೆ ವಾಲೆಟ್ ಅದರ ಹಿಂದಿನದನ್ನು ಓದುವುದೇ ಇಲ್ಲ. ಮೈನಿಂಗ್ ಶುರು ಮಾಡಿದ ದಿನಕ್ಕಿಂತ ಹಿಂದಿನ ತಾರೀಕು ಕೊಟ್ಟು ಮತ್ತೆ ಸ್ಕ್ಯಾನ್ ಮಾಡಿಸಿ. ಹಣ ಕಾಣಿಸಿದರೂ ಕಳಿಸಲು ಬಿಡುತ್ತಿಲ್ಲ ಅಂದರೆ ಅದು ಬೀಗ: ಸಾಮಾನ್ಯ ಪಾವತಿಗೆ 10 ಬ್ಲಾಕ್, ಅಂದರೆ ಸುಮಾರು 20 ನಿಮಿಷ. ಪಿ2ಪೂಲ್ (ನಡುವೆ ಒಬ್ಬರ ಸರ್ವರ್ ಇಲ್ಲದ ಪೂಲ್) ಬಳಸುತ್ತಿದ್ದರೆ ನಾಣ್ಯ ನೇರವಾಗಿ ಬ್ಲಾಕ್‌ನಿಂದಲೇ ಬರುವುದರಿಂದ 60 ಬ್ಲಾಕ್, ಸುಮಾರು ಎರಡು ಗಂಟೆ ಕಾಯಬೇಕಾಗುತ್ತದೆ.